ಮಲಗುವ ಹೊತ್ತಿನ ಮರದ ಹಲಗೆ

ಮಕ್ಕಳನ್ನು ಮಲಗಿಸುವುದೂ ಒಂದು ಲೇಖನಕ್ಕೆ ವಿಷಯವಾದೀತೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಎರಡು ವರ್ಷಗಳ ಹಿಂದೆ ನಮ್ಮನ್ನು ಯಾರಾದರೂ ಕೇಳಿದ್ದರೆ ನಾವೂ ಆಗದೆಂದೇ ಹೇಳುತ್ತಿದ್ದೆವು. ನಮ್ಮ ಬಾಲ್ಯದಲ್ಲಿ ಮಕ್ಕಳನ್ನು ಯಾರೂ ಮಲಗಿಸುತ್ತಿರಲಿಲ್ಲ, ಕತ್ತಲೆಯೇ ಮಲಗಿಸುತ್ತಿತ್ತು. ಎಣ್ಣೆ ಉಳಿಯಲೆಂದು ಊಟವಾದ ಕೂಡಲೇ ಕಂದೀಲಿನ ಬತ್ತಿಯನ್ನು ಇಳಿಸುತ್ತಿದ್ದರು. ಅಜ್ಜಿಯ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಸಾಲಾಗಿ ಮಲಗಿದ ಏಳೆಂಟು ಮಕ್ಕಳ ಪೈಕಿ ಹೂಂಗುಟ್ಟುವವರು ಒಬ್ಬರೋ ಇಬ್ಬರೋ ಉಳಿದಿರುತ್ತಿದ್ದರು. ಇಂದಿನ ಮನೆಗಳಲ್ಲಿ ಕತ್ತಲೆ ತಾನಾಗಿ ಬರುವುದಿಲ್ಲ. ಅದನ್ನು ಯಾರಾದರೂ ಗುಂಡಿಯೊತ್ತಿ ತರಬೇಕು. ಯಾವಾಗ ತರಬೇಕೆಂಬುದರ ಮೇಲೆ ಮನೆಯವರಲ್ಲಿ ಒಮ್ಮತವಿರಬೇಕು. ಆ ಒಮ್ಮತವೇ ನಮ್ಮ ಮನೆಯಲ್ಲಿ ಇರಲಿಲ್ಲ.

ನಮ್ಮ ಮನೆ ದಾವಣಗೆರೆಯಲ್ಲಿದೆ. ಮಗನಿಗೆ ಬಟ್ಟೆಯ ಅಂಗಡಿ. ನಾವು ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ 31 ವರ್ಷ ವಿದ್ಯುತ್ ವಿಭಾಗದ ಬೋಧಕರಾಗಿದ್ದು ನಿವೃತ್ತರಾದವರು. ಮೊಮ್ಮಗಳಿಗೆ ಆಗ ಆರು ವರ್ಷ, ಅವಳ ತಮ್ಮನಿಗೆ ನಾಲ್ಕು. ಬೆಳಿಗ್ಗೆ ಏಳೂವರೆಗೆ ಶಾಲೆಯ ವಾಹನ ಬರುವುದರಿಂದ ಆರೂವರೆಗೆ ಏಳದೆ ಗತಿಯಿಲ್ಲ. ರಾತ್ರಿ ಮಲಗುವುದೋ ಹನ್ನೊಂದಕ್ಕೆ. ಒಂಬತ್ತಕ್ಕೆ ಆರಂಭವಾದ ಹಲ್ಲುಜ್ಜುವ ಮಾತು ಹತ್ತಾದರೂ ಮುಗಿಯುತ್ತಿರಲಿಲ್ಲ. ಬ್ರಷ್ಷು ಬಾಯಿಯಲ್ಲಿದ್ದಂತೆಯೇ ಹುಡುಗಿ ಮನೆಯೆಲ್ಲ ಸುತ್ತಿ ಬರುವಳು. ಮಲಗಿಸಿದರೆ ನೀರು ಬೇಕೆನ್ನುವಳು. ನೀರು ಕೊಟ್ಟರೆ ಬಚ್ಚಲಿಗೆ ಹೋಗಬೇಕೆನ್ನುವಳು. ಎರಡನೆಯ ಪೀರಿಯಡ್ಡಿಗೇ ಮಗು ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ರಿಸುವುದೆಂದು ಶಾಲೆಯಿಂದ ಚೀಟಿ ಬಂದಿತು. ಅದೇ ವಾರದ ಒಂದು ರಾತ್ರಿ ಸೊಸೆ ತಾಳ್ಮೆ ತಪ್ಪಿ ಮಗುವಿಗೆ ಹೊಡೆದಳು. ಆಮೇಲೆ ಅಡಿಗೆಮನೆಯ ದೀಪ ಆರಿಸಿಕೊಂಡು ಬಹಳ ಹೊತ್ತು ಒಬ್ಬಳೇ ಕುಳಿತಿದ್ದಳು. ನಾವು ನೀರಿಗೆಂದು ಎದ್ದವರು ಅದನ್ನು ಕಂಡೆವು. ಏನೂ ಹೇಳಲು ತೋಚಲಿಲ್ಲ. ಮರುದಿನ ಈ ವಿಷಯವನ್ನು ಕುರಿತು ಓದತೊಡಗಿದೆವು.

ಮಕ್ಕಳಿಗೆ ಎಷ್ಟು ನಿದ್ರೆ ಬೇಕೆಂಬುದಕ್ಕೆ ವೈದ್ಯರ ಲೆಕ್ಕವಿದೆ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯು 2016ರಲ್ಲಿ ಹೊರಡಿಸಿದ ಸೂಚನೆಯಂತೆ 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ರೆಯೂ ಸೇರಿ 10ರಿಂದ 13 ತಾಸು, 6ರಿಂದ 12 ವರ್ಷದವರಿಗೆ 9ರಿಂದ 12 ತಾಸು ಬೇಕು. ಹನ್ನೊಂದಕ್ಕೆ ಮಲಗಿ ಆರೂವರೆಗೆ ಏಳುವ ನಮ್ಮ ಹುಡುಗಿಗೆ ದೊರೆಯುತ್ತಿದ್ದುದು ಏಳೂವರೆ ತಾಸು ಮಾತ್ರ. ದಿನಕ್ಕೆ ಒಂದೂವರೆ ತಾಸಿನಂತೆ ಶಾಲೆಯ ಆರು ದಿನಗಳಲ್ಲಿ ಒಂಬತ್ತು ತಾಸು, ಎಂದರೆ ಒಂದು ಪೂರ್ಣ ರಾತ್ರಿಯ ನಿದ್ರೆಯೇ ಪ್ರತಿ ವಾರ ಕಳೆದುಹೋಗುತ್ತಿತ್ತು. ಇದನ್ನು ಕಾಗದದ ಮೇಲೆ ಬರೆದು ನೋಡಿದಾಗ ನಮಗೇ ಭಯವಾಯಿತು.

ಮಲಗುವ ಮುನ್ನ ನಡೆಯುವ ಕೆಲಸಗಳು ಪ್ರತಿದಿನವೂ ಅದೇ ಕ್ರಮದಲ್ಲಿ ನಡೆದರೆ ನಿದ್ರೆ ಬೇಗ ಬರುವುದೆಂಬುದು ಹಿರಿಯರು ಅನುಭವದಿಂದ ಬಲ್ಲ ಮಾತು. ಜೋಡಿ ಮಿಂಡೆಲ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ಅದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಮೂರು ವರ್ಷದೊಳಗಿನ ಮಕ್ಕಳಿರುವ 405 ತಾಯಂದಿರು ಅದರಲ್ಲಿ ಭಾಗವಹಿಸಿದ್ದರು. ಸ್ನಾನ, ಮೈಗೆ ಎಣ್ಣೆ ಅಥವಾ ಲೇಪನ ತಿಕ್ಕುವುದು, ಅನಂತರ ಮುದ್ದಿಸುವುದು, ಹಾಡುವುದು ಮೊದಲಾದ ಶಾಂತವಾದ ಚಟುವಟಿಕೆ. ಇಷ್ಟನ್ನು ಎರಡು ವಾರ ಒಂದೇ ಕ್ರಮದಲ್ಲಿ ನಡೆಸಿದ ಮನೆಗಳಲ್ಲಿ ಮಕ್ಕಳು ಬೇಗ ನಿದ್ರಿಸಿದರು, ನಡುರಾತ್ರಿ ಏಳುವುದು ಕಡಿಮೆಯಾಯಿತು. ತಾಯಂದಿರ ಮನಸ್ಸಿನ ಬಿಗುವೂ ಇಳಿಯಿತೆಂಬುದನ್ನು ಓದಿದಾಗ ನಮಗೆ ಅಡಿಗೆಮನೆಯ ಆ ಕತ್ತಲೆಯೇ ನೆನಪಾಯಿತು.

ಕ್ರಮ ಬೇಕೆಂಬುದು ತಿಳಿಯಿತು. ಮಗು ಆ ಕ್ರಮವನ್ನು ತಾನಾಗಿ ಹಿಡಿಯುವಂತೆ ಮಾಡುವುದು ಹೇಗೆ? ಮೊದಲು ಸೊಸೆ ತನ್ನ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಸಿದಳು. ಒಂದೊಂದು ಕೆಲಸವಾದಂತೆ ಒಂದೊಂದು ಚಿತ್ರವನ್ನು ಮುಟ್ಟಬೇಕು, ಆಗ ಒಂದು ಕರಡಿ ಚಪ್ಪಾಳೆ ತಟ್ಟುವುದು. ಎರಡನೆಯ ರಾತ್ರಿಯೇ ನಮ್ಮ ಹುಡುಗಿ ಹಲ್ಲುಜ್ಜದೆ, ಮುಖ ತೊಳೆಯದೆ, ಕುಳಿತಲ್ಲಿಂದಲೇ ಎಲ್ಲ ಚಿತ್ರಗಳನ್ನೂ ಮುಟ್ಟಿ ಅರ್ಧ ನಿಮಿಷದಲ್ಲಿ ಕರಡಿಯನ್ನು ಕುಣಿಸಿಬಿಟ್ಟಳು. ಕುಣಿತ ಮುಗಿದ ಮೇಲೆ ಮೊಬೈಲನ್ನು ಕೈಯಿಂದ ಬಿಡಿಸುವುದೇ ಹೊಸದೊಂದು ಜಗಳವಾಯಿತು.

ಬೆಳಕಿನ ದೋಷ ಬೇರೆ. ನಮ್ಮ ಕಣ್ಣಿನ ಪರದೆಯಲ್ಲಿ ವಸ್ತುಗಳ ರೂಪವನ್ನು ಕಾಣುವ ಕೋಶಗಳಲ್ಲದೆ, ಹೊರಗೆ ಬೆಳಕೆಷ್ಟಿದೆಯೆಂಬುದನ್ನು ಅಳೆದು ಮೆದುಳಿನ ಗಡಿಯಾರಕ್ಕೆ ತಿಳಿಸುವ ಬೇರೆ ಕೋಶಗಳೂ ಇವೆಯೆಂಬುದು 2002ರಲ್ಲಿ ಖಚಿತವಾಯಿತು. ನೀಲಿ ಬೆಳಕಿಗೆ ಅವು ಬಹಳ ಸ್ಪಂದಿಸುತ್ತವೆ. ಕೆಂಪು ಬೆಳಕಿಗೆ ಅತ್ಯಲ್ಪ. ರಾತ್ರಿಯಾಯಿತೆಂದು ದೇಹಕ್ಕೆ ಸಾರುವ ಮೆಲಟೋನಿನ್ ಎಂಬ ರಸವು ಈ ಕೋಶಗಳಿಗೆ ಬೆಳಕು ಬಿದ್ದಷ್ಟು ಕಾಲ ತಡೆಯಲ್ಪಡುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 3ರಿಂದ 5 ವರ್ಷದ 10 ಮಕ್ಕಳನ್ನು ಮಲಗುವ ಮುಂಚಿನ ಒಂದು ತಾಸು ಪ್ರಖರವಾದ ಬೆಳಕಿನ ಮೇಜಿನ ಮೇಲೆ ಆಡಿಸಿದಾಗ ಮೆಲಟೋನಿನ್ ಪ್ರಮಾಣ ಶೇಕಡಾ 88ರಷ್ಟು ಕುಸಿಯಿತು. ಮೊಬೈಲಿನ ಬೆಳಕು ಅಷ್ಟು ಪ್ರಖರವಲ್ಲವೆಂಬುದು ನಿಜ. ಆದರೂ ನಿದ್ರೆಯನ್ನು ಕರೆಯಲೆಂದು ನಿದ್ರೆಯನ್ನು ಓಡಿಸುವ ವಸ್ತುವನ್ನೇ ಮಗುವಿನ ಕಣ್ಣೆದುರು ಹಿಡಿಯುವುದು ನಮಗೆ ಸರಿತೋರಲಿಲ್ಲ.

ಆ್ಯಪಿನಲ್ಲಿ ಒಂದು ಒಳ್ಳೆಯ ಅಂಶವಿತ್ತೆಂಬುದನ್ನು ಒಪ್ಪಬೇಕು. ಅದು ಚಿತ್ರ. ಬಾಯಿಮಾತು ಆಡಿದ ಕ್ಷಣವೇ ಗಾಳಿಯಲ್ಲಿ ಕರಗುತ್ತದೆ. ಚಿತ್ರ ಕಣ್ಣೆದುರು ನಿಂತಿರುತ್ತದೆ. "ಆಟಿಕೆ ಎತ್ತಿಡು, ಹಲ್ಲುಜ್ಜು, ಕೈಕಾಲು ತೊಳೆದು ಬಾ" ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಆರು ವರ್ಷದ ಮಗು ಅಷ್ಟನ್ನೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲಾರದು. ನಾವದನ್ನು ಹಟವೆಂದು ತಿಳಿಯುತ್ತೇವೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಅವರ ಮುಂದಾಳುತನದಲ್ಲಿ 1972ರಲ್ಲಿ ಆರಂಭವಾದ ಟೀಚ್ ಎಂಬ ಯೋಜನೆಯಲ್ಲಿ ಆಟಿಸಂ ಇರುವ ಮಕ್ಕಳಿಗೆ ದಿನದ ಕೆಲಸಗಳನ್ನು ಚಿತ್ರಗಳ ಸಾಲಿನಲ್ಲಿ ತೋರಿಸುವ ಪದ್ಧತಿ ಬೆಳೆಯಿತು. ಡೆನ್ಮಾರ್ಕಿನ ಸಂಶೋಧಕರು ಚಂಚಲತೆಯ ತೊಂದರೆಯುಳ್ಳ 13 ಮಕ್ಕಳ ಮನೆಗಳಲ್ಲಿ ಮೊಬೆರೊ ಎಂಬ ಮೊಬೈಲ್ ಸಾಧನವನ್ನು ಬೆಳಗಿನ ಹಾಗೂ ರಾತ್ರಿಯ ಕ್ರಮಕ್ಕಾಗಿ ಬಳಸಿ ನೋಡಿ, ಮಕ್ಕಳ ಸ್ವಾವಲಂಬನೆ ಹೆಚ್ಚಿ ಹೆತ್ತವರ ಬೇಸರ ಇಳಿದುದನ್ನು 2016ರಲ್ಲಿ ವರದಿ ಮಾಡಿದರು. ಆದುದರಿಂದ ಸಾಧನವೆಂಬುದೇ ತಪ್ಪಲ್ಲ. ನಮಗೆ ಬೇಕಾದುದು ಹೊಳೆಯುವ ಪರದೆಯಿಲ್ಲದ, ಕೈಗೆ ತಾಗುವ ಸಾಧನ.

ಸೋಲ್ಡರ್ ಕಡ್ಡಿಯನ್ನು ಬಹಳ ದಿನಗಳ ಮೇಲೆ ಅಟ್ಟದಿಂದ ಇಳಿಸಿದೆವು. ಪರಿಚಯದ ಬಡಗಿಯೊಬ್ಬರು ಮಿಕ್ಕ ತೇಗದ ಹಲಗೆಯಲ್ಲಿ ಐದು ಗುಂಡಿಗಳನ್ನೂ ಅವುಗಳಲ್ಲಿ ಕೂರುವ ಐದು ತುಂಡುಗಳನ್ನೂ ಕೊರೆದುಕೊಟ್ಟರು. ಒಂದೊಂದು ತುಂಡಿನ ಮೇಲೂ ಒಂದು ಚಿತ್ರ, ಅಡಿಯಲ್ಲಿ ಪುಟ್ಟ ಅಯಸ್ಕಾಂತ. ಗುಂಡಿಯ ಕೆಳಗೆ ರೀಡ್ ಸ್ವಿಚ್. ಇದು ಗಾಜಿನ ನಳಿಗೆಯೊಳಗೆ ಎರಡು ತೆಳು ಲೋಹದ ನಾಲಿಗೆಗಳಿರುವ ಅಗ್ಗದ ಸಾಮಾನು. ಅಯಸ್ಕಾಂತ ಹತ್ತಿರ ಬಂದರೆ ನಾಲಿಗೆಗಳು ಕೂಡಿ ವಿದ್ಯುತ್ತು ಹರಿಯುತ್ತದೆ. ಕೆಲಸ ಮುಗಿಸಿದ ಮಗು ತುಂಡನ್ನು ಗುಂಡಿಯಲ್ಲಿಟ್ಟರೆ ಪಕ್ಕದ ಕೆಂಪು ದೀಪ ಹೊತ್ತುವುದು. ತುಂಡುಗಳನ್ನು ಆಯಾ ಕೆಲಸದ ಜಾಗದಲ್ಲೇ ಇರಿಸಿದೆವು: ಬ್ರಷ್ಷಿನದು ಬಚ್ಚಲ ಗೂಡಿನಲ್ಲಿ, ಆಟಿಕೆಯದು ಆಟಿಕೆಯ ಬುಟ್ಟಿಯ ತಳದಲ್ಲಿ. ಹೋಗದೆ ತರುವಂತಿಲ್ಲ, ಕುಳಿತಲ್ಲಿಯೇ ಕರಡಿ ಕುಣಿಸುವಂತಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳದೆ ಮುಂದೆ ಹೋಗಲಾಗದು. ಪುಟ್ಟ ಅಯಸ್ಕಾಂತಗಳನ್ನು ಮಗು ಎರಡು ಮೂರು ನುಂಗಿಬಿಟ್ಟರೆ ಅವು ಕರುಳಿನ ಮಡಿಕೆಗಳ ಆಚೀಚೆ ಒಂದನ್ನೊಂದು ಸೆಳೆದು ಹಿಡಿದು ಕರುಳನ್ನೇ ತೂತು ಮಾಡಬಲ್ಲವು. ಕೈಗಡಿಯಾರದಲ್ಲಿ ಹಾಕುವಂಥ ಬಿಲ್ಲೆಯಾಕಾರದ ಸೆಲ್ಲು ಗಂಟಲಿನಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನೊಳಗೆ ಅನ್ನನಾಳವನ್ನು ಸುಡಬಲ್ಲದು. ಮನೆಯಲ್ಲಿ ಇಂಥದನ್ನು ಮಾಡುವವರು ಅಯಸ್ಕಾಂತವನ್ನು ಮರದ ಆಳದಲ್ಲಿ ಹುದುಗಿಸಿ, ಅಂಟು ತುಂಬಿ, ಮೇಲೆ ಮರದ ಬೆಣೆ ಬಡಿಯಬೇಕು. ಬಿಲ್ಲೆ ಸೆಲ್ಲು ಬಳಸಲೇಬಾರದು. ನಾವು ಎರಡು ಪೆನ್ಸಿಲ್ ಸೆಲ್ಲು ಹಾಕಿ ಮುಚ್ಚಳಕ್ಕೆ ತಿರುಪು ಬಿಗಿದೆವು. ನಾಲ್ಕು ವರ್ಷದ ಹುಡುಗ ಮೊದಲ ದಿನವೇ ಒಂದು ತುಂಡನ್ನು ಬಾಯಿಗಿಟ್ಟು ನಮ್ಮ ಎಚ್ಚರಿಕೆಯನ್ನು ಪರೀಕ್ಷಿಸಿದನು.

ಮೊದಲ ಮೂರು ರಾತ್ರಿ ಮನೆಯಲ್ಲಿ ಹಬ್ಬ. ನಾಲ್ಕನೆಯ ರಾತ್ರಿ ಒಂದು ದೀಪವೂ ಹೊತ್ತಲಿಲ್ಲ, ಹುಡುಗಿ ಅತ್ತು ರಂಪ ಮಾಡಿದಳು. ಮೂವತ್ತೊಂದು ವರ್ಷ ಓಮನ ನಿಯಮ ಪಾಠ ಹೇಳಿದ ನಾವು ಲೆಕ್ಕವನ್ನೇ ಮರೆತಿದ್ದೆವು. ಒಂದೊಂದು ದೀಪಕ್ಕೆ 10 ಮಿಲಿಆಂಪಿಯರ್, ಐದಕ್ಕೆ 50. ತುಂಡುಗಳು ಬೆಳಗಿನವರೆಗೂ ಗುಂಡಿಯಲ್ಲಿಯೇ ಇರುವುದರಿಂದ ದೀಪಗಳು ರಾತ್ರಿಯಿಡೀ ಉರಿಯುತ್ತಿದ್ದವು. 2000 ಮಿಲಿಆಂಪಿಯರ್ ತಾಸಿನ ಸೆಲ್ಲು 40 ತಾಸಿನಲ್ಲಿ ಬರಿದಾಗದೆ ಇನ್ನೇನಾದೀತು?

ಚಿತ್ರಗಳಲ್ಲಿಯೂ ಎಡವಿದ್ದೆವು. ನಾವು ಬರೆದ ಬ್ರಷ್ಷನ್ನು ಹುಡುಗ ಬಾಚಣಿಗೆಯೆಂದನು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಲಿಸನ್ ಡ್ರೂಯಿನ್ ಎಂಬವರು 1998ರಿಂದಲೇ ಮಕ್ಕಳಿಗಾಗಿ ಮಾಡುವ ಸಾಧನಗಳ ವಿನ್ಯಾಸಕ್ಕೆ ಮಕ್ಕಳನ್ನೇ ಪಾಲುಗಾರರನ್ನಾಗಿ ಕೂರಿಸಿಕೊಂಡರೆಂದು ಓದಿದ್ದು ಆಗ ನೆನಪಿಗೆ ಬಂದಿತು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದನ್ನು ನೀನೇ ಸರಿಮಾಡು" ಎಂದೆವು. ಅವಳು ಮೊದಲು ಮಾಡಿದ ಕೆಲಸವೆಂದರೆ ಬಟ್ಟೆ ಬದಲಿಸುವ ತುಂಡನ್ನು ಎತ್ತಿ ಹೊರಗಿಟ್ಟದ್ದು. "ಅದು ಸಂಜೇನೇ ಆಗಿರುತ್ತೆ ತಾತ" ಎಂದಳು. ಆ ಜಾಗಕ್ಕೆ ನೀರಿನ ಲೋಟ ಬಂದಿತು. ಪ್ರತಿ ರಾತ್ರಿ ಮಲಗಿದ ಮೇಲೆ ನೀರು ಕೇಳುವಳೆಂದು ಇಡೀ ಮನೆ ಬೈಯುತ್ತಿತ್ತು, ಆದರೆ ನೀರಿಗೊಂದು ಹೊತ್ತನ್ನು ನಾವು ಯಾರೂ ಗೊತ್ತುಮಾಡಿರಲಿಲ್ಲ. ಹೀಗೆ ಆಟಿಕೆ, ನೀರು, ಬ್ರಷ್, ತೊಳೆದ ಪಾದ, ಹಣೆಯ ವಿಭೂತಿ ಎಂಬ ಐದು ನಿಂತವು. ಕಥೆ ಹಲಗೆಯ ಮೇಲಿಲ್ಲ. ಅದು ದೀಪ ಆರಿದ ಮೇಲಿನದು. ಹಲಗೆ ಒಂದು, ಮಕ್ಕಳು ಇಬ್ಬರು ಎಂಬ ಕಷ್ಟವಿತ್ತು. ಇಬ್ಬರೂ ಕೆಲಸ ಮುಗಿಸಬೇಕು, ತುಂಡು ಇಡುವುದು ಒಂದು ದಿನ ಅಕ್ಕ, ಒಂದು ದಿನ ತಮ್ಮ ಎಂದು ಸೊಸೆ ತೀರ್ಮಾನ ಕೊಟ್ಟಳು.

ಎರಡನೆಯ ಹಲಗೆಗೆ ಮೈಕ್ರೋಬಿಟ್ ಹಾಕಿದೆವು. ಬ್ರಿಟನ್ನಿನ ಬಿಬಿಸಿಯವರು 2016ರಲ್ಲಿ ಅಲ್ಲಿನ ಸುಮಾರು ಹತ್ತು ಲಕ್ಷ ಶಾಲಾ ಮಕ್ಕಳಿಗೆ ಉಚಿತವಾಗಿ ಹಂಚಿದ ಅಂಗೈಗಿಂತ ಚಿಕ್ಕ ಗಣಕ ಅದು. ಬಣ್ಣದ ತುಣುಕುಗಳನ್ನು ಪರದೆಯ ಮೇಲೆ ಜೋಡಿಸಿ ಅದಕ್ಕೆ ಆದೇಶ ಬರೆಯಬಹುದು. ಅದರ ಮೈಮೇಲೆ ಐದು ಸಾಲುಗಳಲ್ಲಿ 25 ಕೆಂಪು ಚುಕ್ಕೆ ದೀಪಗಳಿವೆ. ಐದು ಕೆಲಸ, ಐದು ಸಾಲು; ಬಣ್ಣವೂ ನಿದ್ರೆಗೆ ತೊಂದರೆ ಕೊಡದ ಕೆಂಪು. ನಮಗೆಂದೇ ಮಾಡಿದಂತಿತ್ತು. ನೆರೆಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿ ಒಂದು ಸಂಜೆಯಲ್ಲಿ ಅದನ್ನು ಕಲಿಸಿದನು.

ಮೊದಲು ಒಂದೊಂದು ತುಂಡಿಗೆ ಒಂದೊಂದು ಸಾಲು ಹೊತ್ತುವಂತೆ, ಐದೂ ಆದಾಗ ಒಂದು ರಾಗ ನುಡಿಯುವಂತೆ ಬರೆದೆವು. 2020ರ ಮಾದರಿಯಲ್ಲಿ ಧ್ವನಿ ಹೊರಡಿಸುವ ಅನುಕೂಲವಿದೆ. ಪರಿಣಾಮವೇನೆಂದರೆ ಮಲಗಬೇಕಾದ ಕ್ಷಣದಲ್ಲಿಯೇ ಸಾಧನ ಅತ್ಯಂತ ಪ್ರಕಾಶಮಾನವಾಯಿತು, ರಾಗಕ್ಕೆ ಹುಡುಗ ಎದ್ದು ಕುಣಿದನು. ಒಂದು ರಾತ್ರಿ ಯೋಚಿಸಿ ಎಲ್ಲವನ್ನೂ ತಲೆಕೆಳಗು ಮಾಡಿದೆವು. ಈಗ ಎಂಟೂವರೆಗೆ ತಾಯಿ ಗುಂಡಿಯೊತ್ತಿದರೆ 25 ಚುಕ್ಕೆಗಳೂ ಮಂದವಾಗಿ ಹೊತ್ತುತ್ತವೆ. ತುಂಡು ಇಟ್ಟಂತೆಲ್ಲ ಒಂದೊಂದು ಸಾಲು ಆರುತ್ತದೆ. ಐದನೆಯದಕ್ಕೆ ಕತ್ತಲೆ, ಸದ್ದಿಲ್ಲ. ಕಂದೀಲಿನ ಬತ್ತಿ ಇಳಿಸುತ್ತಿದ್ದ ಅಜ್ಜಿಗೆ ಮೈಕ್ರೋಬಿಟ್ಟಿನ ಅಗತ್ಯವಿರಲಿಲ್ಲ, ಆ ಮಾತು ಬೇರೆ. ಸೆಲ್ಲಿನ ಆಯುಷ್ಯವೂ ಬೆಳೆಯಿತು. ತುಂಡನ್ನು ಕಿತ್ತರೆ ಸಾಲು ಮತ್ತೆ ಹೊತ್ತುವುದೆಂದು ಕಂಡುಹಿಡಿದ ತಮ್ಮ ಅಕ್ಕನನ್ನು ಗೋಳುಹೊಯ್ದುಕೊಂಡಾಗ, ಒಮ್ಮೆ ಆರಿದ ಸಾಲು ಮರುದಿನದವರೆಗೆ ಹೊತ್ತದಂತೆ ತಿದ್ದಿದೆವು.

ನಡುವೆ ಬಹುಮಾನದ ಪ್ರಯೋಗವೂ ಆಯಿತು. ಐದು ದಿನ ಸರಿಯಾಗಿ ಮಲಗಿದರೆ ಒಂದು ನಕ್ಷತ್ರ, ನಾಲ್ಕು ನಕ್ಷತ್ರಕ್ಕೆ ಒಂದು ಚಾಕೊಲೇಟ್. ಎರಡನೆಯ ತಿಂಗಳು ಹುಡುಗಿ, "ಬೆಳಿಗ್ಗೆ ಹಲ್ಲುಜ್ಜಿದ್ರೆ ಏನು ಕೊಡ್ತೀರಿ?" ಎಂದು ವ್ಯಾಪಾರಕ್ಕೆ ನಿಂತಳು. (ಬಟ್ಟೆ ಅಂಗಡಿಯವರ ಮಗಳಲ್ಲವೇ!) ಅಮೆರಿಕದಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು 1973ರಲ್ಲಿಯೇ ಇದನ್ನು ತೋರಿಸಿದ್ದರು: ಚಿತ್ರ ಬರೆಯಲು ತಾವಾಗಿ ಇಷ್ಟಪಡುತ್ತಿದ್ದ ಮಕ್ಕಳಿಗೆ ಬಹುಮಾನದ ಪತ್ರ ಕೊಡುವೆವೆಂದು ಮೊದಲೇ ಹೇಳಿ ಬರೆಯಿಸಿದರೆ ಅನಂತರ ಅವರಲ್ಲಿ ಆ ಆಸಕ್ತಿಯೇ ಕುಂದುತ್ತಿತ್ತು. ನಕ್ಷತ್ರಗಳನ್ನು ನಿಲ್ಲಿಸಿದೆವು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಒಂಬತ್ತಕ್ಕೆ ಹಲಗೆ ಆರುವುದು, ಒಂಬತ್ತೂಕಾಲಿಗೆ ಕಥೆ ಮುಗಿಯುವುದು, ಹುಡುಗ ನಿದ್ರಿಸುವನು. ಹುಡುಗಿ ಮಾತ್ರ ಎದ್ದೆದ್ದು ಬರುವಳು. ಇದಕ್ಕೆ ಪ್ಯಾಟ್ರಿಕ್ ಫ್ರೀಮನ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಒಂದು ಉಪಾಯ ಬರೆದಿದ್ದರು. ಮಗುವಿಗೆ ರಾತ್ರಿಗೊಂದು ಚೀಟಿ ಕೊಡುವುದು; ಅದನ್ನು ಕೊಟ್ಟು ಒಂದೇ ಒಂದು ಸಲ ಎದ್ದು ಬರಬಹುದು, ಚೀಟಿ ತೀರಿದ ಮೇಲೆ ಬರುವಂತಿಲ್ಲ. ಮೊದಲು ಅವರು ಮೂರು ಮತ್ತು ಹತ್ತು ವರ್ಷದ ಇಬ್ಬರು ಹುಡುಗರ ಮೇಲೆ ಪ್ರಯೋಗಿಸಿದ್ದರು. 2007ರಲ್ಲಿ 19 ಮಕ್ಕಳ ಮೇಲೆ ನಡೆದ ಪರೀಕ್ಷೆಯೂ ಉಪಾಯವನ್ನು ಸಮರ್ಥಿಸಿತು. ನಾವೂ ಅಂಗಡಿಯ ಬಟ್ಟೆಯ ಚೀಟಿಯೊಂದಕ್ಕೆ ಬಣ್ಣ ಹಚ್ಚಿ ಕೊಟ್ಟೆವು. ಎದ್ದೆದ್ದು ಬರುವುದು ನಿಂತಿತು. ಚೀಟಿಯನ್ನು ಎಷ್ಟು ಹೊತ್ತಿಗೆ ತಂದಳೆಂದು ಸೊಸೆ ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುತ್ತ ಹೋದಳು.

ಮೂರು ವಾರಗಳಾದ ಮೇಲೆ ಆ ಕ್ಯಾಲೆಂಡರನ್ನು ನಮ್ಮ ಮುಂದೆ ತಂದಿಟ್ಟಳು. 9–45, 9–50, 9–45, 9–40. ಭಾನುವಾರಗಳ ಮನೆಗಳು ಖಾಲಿ. ಆ ದಿನ ಚೀಟಿ ದಿಂಬಿನ ಕೆಳಗೇ ಉಳಿಯುತ್ತಿತ್ತು. ಭಾನುವಾರ ಅಂಗಡಿಗೆ ರಜೆ. ಉಳಿದ ದಿನಗಳಲ್ಲಿ ಮಗನ ಸ್ಕೂಟರು ಗೇಟಿನೊಳಗೆ ಬರುವುದು ಮುಕ್ಕಾಲು ಗಂಟೆ ಮೀರಿ ಒಂಬತ್ತಕ್ಕೆ. ಹುಡುಗಿ ಆ ಸದ್ದು ಕೇಳುವವರೆಗೆ ಕಣ್ಣು ಮುಚ್ಚದೆ ಮಲಗಿರುವಳು. ಚೀಟಿ ಹಿಡಿದು ಹೊರಗೆ ಬಂದು, ತಂದೆ ಚಪ್ಪಲಿ ಬಿಡುವುದನ್ನು ನೋಡಿ, ಎರಡು ಗುಟುಕು ನೀರು ಕುಡಿದು ಹಿಂದಿರುಗುವಳು. ಮರುಕ್ಷಣ ನಿದ್ರೆ. ಕೇಳಿದರೆ, "ಅಪ್ಪ ಬಂದ್ರೋ ಇಲ್ವೋ ನೋಡ್ಬೇಕಲ್ಲ" ಎಂದಳು. ಅದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ.

ಆಗ ಹಿಂದಿನದೆಲ್ಲ ಅರ್ಥವಾಯಿತು. ಬ್ರಷ್ಷು ಬಾಯಲ್ಲಿಟ್ಟು ಮನೆ ಸುತ್ತುತ್ತಿದ್ದುದು, ನೀರು, ಬಚ್ಚಲು, ಎಲ್ಲವೂ ಆ ಮುಕ್ಕಾಲು ಗಂಟೆಯನ್ನು ದಾಟುವ ದಾರಿಗಳು. ಮಕ್ಕಳು ಶಾಲೆಗೆ ಹೊರಡುವಾಗ ಮಗ ಎದ್ದಿರುವುದಿಲ್ಲ. ಅವನು ಬರುವಾಗ ಅವರು ಮಲಗಿರಬೇಕೆಂಬುದು ನಮ್ಮ ಏರ್ಪಾಡು. ನಮ್ಮ ಹಲಗೆ ನಾವು ಬಯಸಿದಂತೆ ಪೂರ್ಣವಾಗಿ ಯಶಸ್ವಿಯಾಗಿದ್ದರೆ ಆ ಮಗು ವಾರದ ಆರು ದಿನ ತಂದೆಯ ಮುಖವನ್ನೇ ಕಾಣುತ್ತಿರಲಿಲ್ಲ. ಅಷ್ಟು ತಿಂಗಳು ತಂತಿ ಬೆಸೆದ ನಮಗೆ ಇದು ಹೊಳೆಯಲಿಲ್ಲವೆಂಬುದನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ.

ಕ್ಯಾಲೆಂಡರನ್ನು ನೋಡಿ ಮಗ ಏನೂ ಮಾತನಾಡಲಿಲ್ಲ. ನಾಲ್ಕು ದಿನ ಬಿಟ್ಟು ಬೆಳಿಗ್ಗೆ ಆರೂಕಾಲಿಗೆ ಎದ್ದು ಮಕ್ಕಳಿಗೆ ಸ್ನಾನ ಮಾಡಿಸಲು ನಿಂತನು. ಶಾಲೆಯ ವಾಹನಕ್ಕೆ ಬಿಟ್ಟುಬರುವುದೂ ಈಗ ಅವನದೇ. ಮಂಗಳವಾರ, ಶುಕ್ರವಾರ ಅಂಗಡಿಯ ಹಿರಿಯ ನೌಕರರೊಬ್ಬರು ಬೀಗ ಹಾಕುತ್ತಾರೆ, ಅವನು ಎಂಟೂಕಾಲಿಗೆ ಮನೆಯಲ್ಲಿರುತ್ತಾನೆ. ಕಥೆಯೂ ಆ ದಿನ ಅವನದು. ಮದುವೆಯ ತಿಂಗಳುಗಳಲ್ಲಿ ಇದು ನಡೆಯುವುದಿಲ್ಲ. ಕಳೆದ ವೈಶಾಖದಲ್ಲಿ ರಾತ್ರಿ ಹತ್ತೂವರೆಗೆ ಬರುತ್ತಿದ್ದನು, ಆಗ ಚೀಟಿ ಮತ್ತೆ ದಿಂಬಿನ ಕೆಳಗಿಂದ ಹೊರಬಂದಿತು. ಉಳಿದ ದಿನಗಳಲ್ಲಿ ಹುಡುಗಿ ಒಂಬತ್ತೂಕಾಲಿಗೆ ನಿದ್ರಿಸುತ್ತಾಳೆ, ಕೆಲವು ರಾತ್ರಿ ಒಂಬತ್ತೂವರೆಯಾಗುವುದುಂಟು. ಶಾಲೆಯಿಂದ ಮತ್ತೆ ಚೀಟಿ ಬಂದಿಲ್ಲ.

ಈಗ ಅವಳಿಗೆ ಹಲಗೆಯ ಅಗತ್ಯ ಅಷ್ಟಾಗಿ ಇಲ್ಲ, ಕ್ರಮ ಬಾಯಿಪಾಠವಾಗಿದೆ. ತಮ್ಮನಿಗೆ ಮಾತ್ರ ಸಾಲು ಆರಿಸದೆ ನಿದ್ರೆ ಬರುವುದಿಲ್ಲ. ಬಡಗಿಯವರಿಂದ ಆಕೆ ತಾನೇ ಹೇಳಿ ಮಾಡಿಸಿದ ಆರನೆಯ ತುಂಡೊಂದಿದೆ, ಮೇಲೆ ಅವಳೇ ಬರೆದ ಸ್ಕೂಟರು. ಅದರಲ್ಲಿ ಅಯಸ್ಕಾಂತವಿಲ್ಲ, ಹಲಗೆಯಲ್ಲಿ ಅದಕ್ಕೆ ಗುಂಡಿಯೂ ಇಲ್ಲ. ಕೊರೆಸಿಕೊಡೋಣವೇ ಎಂದು ಕೇಳಿದರೆ ಬೇಡವೆಂದಳು. ಅದು ಹೊರಬಾಗಿಲ ಪಕ್ಕದ ಗೂಡಿನಲ್ಲಿರುತ್ತದೆ. ಮಂಗಳವಾರ ಮತ್ತು ಶುಕ್ರವಾರ ಮಗ ಚಪ್ಪಲಿ ಬಿಡುವ ಮೊದಲು ಅದನ್ನು ತೆಗೆದುಕೊಂಡು ಬಂದು ಹಲಗೆಯ ಮೇಲೆ ಇಡಬೇಕು.